ಮಳೆಗಾಲದ ಹಿತ್ತಿಲಲ್ಲಿ ಶುಂಠಿಯ ಬೆಳೆ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಹಸಿಯ ಗಡ್ಡೆಗೆ ‘ಅಲ್ಲ’ವೆಂದೂ, ಒಣಗಿಸಿದುದಕ್ಕೆ ಮಾತ್ರ ‘ಶುಂಠಿ’ಯೆಂದೂ ಹೇಳುವ ರೂಢಿಯುಂಟು. ಓದುವವರಿಗೆ ತೊಡಕಾಗಬಾರದೆಂದು ಈ ಲೇಖನದಲ್ಲಿ ಎರಡಕ್ಕೂ ಶುಂಠಿಯೆಂಬ ಹೆಸರನ್ನೇ ಇಟ್ಟುಕೊಂಡಿರುತ್ತೇವೆ. ಬೆಳಗಿನ ಚಹದಿಂದ ಹಿಡಿದು ಮಕ್ಕಳ ಕೆಮ್ಮಿನ ಕಷಾಯದವರೆಗೆ ಶುಂಠಿಯು ಬೇಡವಾದ ಮನೆಯಿಲ್ಲ. ಆದರೂ ಬೇಡಕಿಹಾಳದಂಥ ಊರಿನಲ್ಲಿ, ಕಬ್ಬು ತಂಬಾಕುಗಳನ್ನು ಬಹು ಕುಶಲತೆಯಿಂದ ಬೆಳೆಯುವ ರಯತರ ಮನೆಗಳಲ್ಲಿಯೇ, ವಾರವಾರವೂ ಸಂತೆಯಿಂದ ಶುಂಠಿಯನ್ನು ಕೊಂಡು ತರುವುದನ್ನು ಕಾಣುತ್ತೇವೆ. ಕಾರಣವನ್ನು ಕೇಳಿದರೆ, “ನಮ್ಮ ಹಿತ್ತಿಲಾಗ ಅದು ಬಾಳೂದಿಲ್ಲರಿ, ಮಳಿ ಹಿಡೀತಂದ್ರ ಕೊಳೀತೈತಿ” ಎಂಬ ಉತ್ತರವು ಬರುತ್ತದೆ.

ಈ ಉತ್ತರದಲ್ಲಿ ಅರ್ಧ ಮಾತ್ರ ನಿಜವಿದೆ. ಶುಂಠಿಯು ಮಳೆಯ ನಾಡಿನ ಬೆಳೆ. ಕೊಡಗು, ಮಲೆನಾಡು, ಕೇರಳದ ವಯನಾಡು ಮುಂತಾದ ಸೀಮೆಗಳಲ್ಲಿ ನಮ್ಮಲ್ಲಿ ಬೀಳುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಮಳೆಯಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. ಆದಕಾರಣ ಶುಂಠಿಯನ್ನು ಕೊಳೆಯಿಸುವುದು ಮಳೆಯಲ್ಲ. ಬುಡದಲ್ಲಿ ನಿಂತ ನೀರು, ಮತ್ತು ರೋಗವನ್ನು ಹೊತ್ತು ಬಂದ ಬೀಜದ ಗಡ್ಡೆ. ಇವೆರಡನ್ನು ಹಿತ್ತಿಲಿನೊಳಗೆ ಬಿಟ್ಟುಕೊಳ್ಳದಿದ್ದರೆ ಉಳಿದ ಕೆಲಸವು ಸುಲಭವಾದುದು. ಇದನ್ನು ಹೇಗೆ ಸಾಧಿಸಬೇಕೆಂಬುದನ್ನೇ ಮುಂದೆ ವಿಚಾರಿಸೋಣ.

ಒಂದು ತಪ್ಪಿನಿಂದ ಕಲಿತ ಪಾಠ

ಈ ಮಾತನ್ನು ಈ ಲೇಖಕನು ಪುಸ್ತಕದಿಂದ ಮಾತ್ರ ಕಲಿತುದಲ್ಲ. ತನ್ನ ತಪ್ಪಿನಿಂದಲೂ ಕಲಿತುದು. ಕೆಲವು ವರ್ಷಗಳ ಹಿಂದೆ ಬೇಡಕಿಹಾಳದ ಒಬ್ಬ ವೃದ್ಧೆಯು ತನ್ನ ಹಿತ್ತಿಲಿನಲ್ಲಿ ಶುಂಠಿಯನ್ನು ಹಾಕಬೇಕೆಂದು ಸಲಹೆ ಕೇಳಿದಳು. ಮನೆಯ ಖರ್ಚು ಕಳೆದು ಉಳಿದುದನ್ನು ಸಂತೆಗೆ ಒಯ್ದು ನಾಲ್ಕು ಕಾಸು ತನ್ನ ಕೈಯಲ್ಲಿ ಇಟ್ಟುಕೊಳ್ಳಬೇಕೆಂಬುದು ಆಕೆಯ ಆಸೆ. ಬೇಸಗೆಯಲ್ಲಿ ನೀರಿನ ಅನುಕೂಲವಾಗಲೆಂದು, ಬಚ್ಚಲ ನೀರು ಹರಿದುಹೋಗುವ ಬಾಳೆಯ ಗಿಡಗಳ ಮಗ್ಗುಲಲ್ಲಿಯೇ ನೆಡುವಂತೆ ನಾನು ಹೇಳಿದೆನು. ಬೀಜವನ್ನು ಆಕೆಯು ಸಂತೆಯ ಶುಂಠಿಯಲ್ಲಿಯೇ ಆರಿಸಿ ತಂದಳು. ಮೃಗಶಿರಾ ಮಳೆಗೆ ಮೊಳಕೆಗಳು ಚೆನ್ನಾಗಿ ಎದ್ದವು. ಆರಿದ್ರಾ ಮಳೆಯು ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳ ತುದಿಯು ಹಳದಿಯಾಗತೊಡಗಿತು. ನಾನು ಅದನ್ನು ಗೊಬ್ಬರದ ಹಸಿವೆಯೆಂದು ತಿಳಿದು ಯೂರಿಯಾ ಹಾಕಿಸಿದೆನು. ಗುಣವೇನೂ ಕಾಣಲಿಲ್ಲ, ಎರಡು ವಾರಗಳು ವ್ಯರ್ಥವಾದವು. ಪುಷ್ಯ ಮಳೆಯ ಹೊತ್ತಿಗೆ ಕಾಂಡವನ್ನು ಮುಟ್ಟಿದರೆ ಕೈಗೇ ಕಿತ್ತು ಬರುವ ಸ್ಥಿತಿಯಾಯಿತು. ಗಡ್ಡೆಯು ಮೆತ್ತಗಾಗಿ ದುರ್ವಾಸನೆ ಬೀರುತ್ತಿತ್ತು. ಆಕೆಯು ನನ್ನನ್ನು ದೂರಲಿಲ್ಲ. “ಮಳಿಗೆ ನೀವರ ಏನ ಮಾಡ್ತೀರಿ ಸಾಹೇಬ್ರ” ಎಂದಷ್ಟೇ ಹೇಳಿದಳು. ಉಳಿದ ನಾಲ್ಕಾರು ಒಳ್ಳೆಯ ಗಡ್ಡೆಗಳನ್ನು ಮರುವರ್ಷ ಅದೇ ಮೂಲೆಯಲ್ಲಿ ನೆಟ್ಟಳು; ಅವೂ ಹೋದವು.

ತಪ್ಪು ಮಳೆಯದಾಗಿರಲಿಲ್ಲ. ಸ್ಥಳವನ್ನು ತೋರಿಸಿದವನು ನಾನು. ಬೀಜವನ್ನು ಪರೀಕ್ಷಿಸದೆ ಬಿಟ್ಟವನು ನಾನು. ರೋಗವನ್ನು ಹಸಿವೆಯೆಂದು ಹೇಳಿದವನೂ ನಾನು. ಮೂರನೆಯ ವರ್ಷ ಏನಾಯಿತೆಂಬುದನ್ನು ಕೊನೆಯಲ್ಲಿ ತಿಳಿಸುವೆನು.

ಗಿಡದ ಸ್ವಭಾವ

ಶುಂಠಿಯು ಅರಿಷಿಣ, ಏಲಕ್ಕಿಗಳ ಕುಲಕ್ಕೆ ಸೇರಿದ ಗಿಡ. ನಾವು ಗಡ್ಡೆಯೆನ್ನುವುದು ನಿಜವಾಗಿ ಬೇರಲ್ಲ. ನೆಲದೊಳಗೆ ಅಡ್ಡವಾಗಿ ಹಬ್ಬುವ ಕಾಂಡ. ಇದು ಹೂ ಬಿಟ್ಟರೂ ಕಾಳು ಕಟ್ಟುವುದಿಲ್ಲ. ಆದುದರಿಂದ ಗಡ್ಡೆಯ ತುಂಡನ್ನೇ ಬೀಜವಾಗಿ ನೆಡುವುದಲ್ಲದೆ ಬೇರೆ ದಾರಿಯಿಲ್ಲ. ಕಾಳಿನ ಬೆಳೆಗಳಲ್ಲಿ ತಾಯಿ ಗಿಡದ ರೋಗಗಳಲ್ಲಿ ಹಲವು ಕಾಳಿನವರೆಗೆ ತಲಪದೆ ಹಿಂದೆಯೇ ಉಳಿಯುತ್ತವೆ. ಶುಂಠಿಯಲ್ಲಿ ಹಾಗಲ್ಲ, ತಾಯಿಯ ತುಂಡೇ ಮಗುವಾಗುವುದರಿಂದ, ತಾಯಿಯ ರೋಗವು ನೇರವಾಗಿ ಮಗುವಿಗೆ ಬರುತ್ತದೆ.

ಎರಡನೆಯ ಸ್ವಭಾವವೇನೆಂದರೆ, ಇದರ ಬೇರುಗಳು ಮೇಲುಮೇಲಕ್ಕೇ ಇದ್ದು, ತೇವವನ್ನೂ ಗಾಳಿಯನ್ನೂ ಒಟ್ಟಿಗೆ ಬಯಸುತ್ತವೆ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಅದೇ ಸಮಯದಲ್ಲಿ ಪಿಥಿಯಂ ಎಂಬ ಬೂಷ್ಟಿನಂಥ ಜೀವಿಯ ಬೀಜಕಣಗಳು ನೀರಿನಲ್ಲಿ ಈಜಾಡಿ ಎಳೆಯ ಕಾಂಡದ ಬುಡವನ್ನು ಸೇರುತ್ತವೆ. ಬರಿಗಣ್ಣಿಗೆ ಕಾಣದ ಈ ಕಣಗಳಿಗೆ ಈಜುವುದಕ್ಕಾಗಿ ಸಣ್ಣ ಬಾಲಗಳೂ ಇರುತ್ತವೆ. ಹೀಗೆ ನಿಂತ ನೀರು ಗಿಡವನ್ನು ದುರ್ಬಲಗೊಳಿಸುವುದಲ್ಲದೆ ಶತ್ರುವಿಗೆ ದೋಣಿಯೂ ಆಗುತ್ತದೆ. ಬಿದ್ದ ಮಳೆಯು ಕೂಡಲೇ ಬಸಿದು ಹೋಗುವಲ್ಲಿ ಈ ಜೀವಿಗೆ ಹರಡಲು ಅಷ್ಟು ಅವಕಾಶವಿರುವುದಿಲ್ಲ.

ಸ್ಥಳ ಮತ್ತು ಮಣ್ಣು

ದೂಧಗಂಗೆ ವೇದಗಂಗೆಗಳ ಬಯಲಿನ ಎರೆ ಮಣ್ಣು ಕಬ್ಬಿಗೆ ಚಿನ್ನದಂಥದು; ಶುಂಠಿಗೆ ಮಾತ್ರ ಹಾಗೆಯೇ ಬಳಸಲು ಬಾರದು. ಅದು ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಒಣಗಿದಾಗ ಬಿರಿದು ಗಡ್ಡೆಯನ್ನು ಹಿಸುಕುತ್ತದೆ. ಶುಂಠಿಗೆ ಸಡಿಲವಾದ, ಸಾವಯವ ಅಂಶವು ಹೆಚ್ಚಾದ, ಸ್ವಲ್ಪ ಹುಳಿಗುಣದ ಮಣ್ಣು ಉತ್ತಮ. ಆದುದರಿಂದ ಎರೆ ಮಣ್ಣಿನ ಹಿತ್ತಿಲಿನವರು ಒಂದು ಪಾಲು ಮನೆಯ ಮಣ್ಣು, ಒಂದು ಪಾಲು ಮಸಾರಿ ಮಣ್ಣು ಅಥವಾ ಸಣ್ಣ ಗರಸು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಈ ಪ್ರಕಾರ ಬೆರೆಸಿ ಮಡಿಯನ್ನು ಕಟ್ಟಿಕೊಳ್ಳತಕ್ಕದ್ದು. ಸಣ್ಣ ಮಡಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಸ್ಥಳವನ್ನು ಆರಿಸುವಾಗ ಈ ಕೆಳಗಿನ ಸಂಗತಿಗಳನ್ನು ನೋಡಬೇಕು.

೧. ಮಾಳಿಗೆಯ ನೀರು, ಹಂಚಿನ ಸೂರಿನ ನೀರು, ಬಚ್ಚಲ ನೀರು ಇವು ಅತ್ತ ಹರಿಯಕೂಡದು.

೨. ಮುಂಜಾವಿನ ಬಿಸಿಲು ಬಿದ್ದು, ಮಧ್ಯಾಹ್ನದಲ್ಲಿ ಚದುರು ನೆರಳಿದ್ದರೆ ಒಳ್ಳೆಯದು. ನುಗ್ಗೆಯ ನೆರಳು ಇದಕ್ಕೆ ತಕ್ಕುದು. ಬೇಕಾದರೆ ಮಡಿಯ ಪಶ್ಚಿಮದ ಅಂಚಿಗೆ ಕೆಲವು ತೊಗರಿ ಗಿಡಗಳನ್ನು ಹಾಕಬಹುದು. ದಟ್ಟ ನೆರಳಿನಲ್ಲಿ ಎಲೆ ಬರುವುದು, ಗಡ್ಡೆ ಬಾರದು.

೩. ಹಿಂದಿನ ಎರಡು ಮೂರು ವರ್ಷಗಳಲ್ಲಿ ಬದನೆ, ಟೊಮೇಟೊ, ಮೆಣಸಿನಕಾಯಿ, ಬಟಾಟೆ, ಶೇಂಗಾ ಇವುಗಳನ್ನು ಬೆಳೆದ ಜಾಗವು ಕೂಡದು. ಶುಂಠಿಯನ್ನು ಬಾಡಿಸುವ ಜೀವಾಣುವಿನ ಕುಲವು ಇವುಗಳಲ್ಲಿಯೂ ಆಶ್ರಯ ಪಡೆಯುತ್ತದೆ.

ಈ ಮೂರನೆಯ ಸಂಗತಿಯು ನಮ್ಮ ಸೀಮೆಯಲ್ಲಿ ಹೆಚ್ಚು ಲಕ್ಷ್ಯಕ್ಕೆ ಯೋಗ್ಯವಾದುದು. ನಿಪ್ಪಾಣಿಯ ಸುತ್ತ ತಂಬಾಕು ಹಳೆಯ ಬೆಳೆ. ತಂಬಾಕು ಕೂಡ ಬದನೆಯ ಕುಲದ್ದೇ. ಬೇರುಗಂಟು ಉಂಟುಮಾಡುವ ಸೂಕ್ಷ್ಮ ಜಂತುಹುಳಗಳು ತಂಬಾಕು, ಬದನೆ, ಟೊಮೇಟೊ, ಶುಂಠಿ ಎಲ್ಲಕ್ಕೂ ಬೀಳುತ್ತವೆ. ಅವು ಮಾಡಿದ ಗಾಯದಿಂದ ಕೊಳೆರೋಗವು ಸುಲಭವಾಗಿ ಒಳಹೊಗುತ್ತದೆ. ಆದಕಾರಣ ತಂಬಾಕಿನ ಸಸಿಮಡಿ ಮಾಡಿದ ಜಾಗದಲ್ಲಿಯಾಗಲಿ, ತಂಬಾಕಿನ ಹೊಲದಿಂದ ತಂದ ಮಣ್ಣಿನಲ್ಲಿಯಾಗಲಿ ಶುಂಠಿಯನ್ನು ನೆಡಬಾರದು. ಹಿತ್ತಿಲಿನಲ್ಲಿ ಮೆಣಸಿನಕಾಯಿಯೂ ಬದನೆಯೂ ಇಲ್ಲದ ಮೂಲೆ ಸಿಕ್ಕದಿದ್ದರೆ, ಮುಂದೆ ಹೇಳುವ ಚೀಲದ ಪದ್ಧತಿಯೇ ಲೇಸು.

ಮಡಿಯನ್ನು ಕಟ್ಟುವುದು

ಮಡಿಯು ೧ ಮೀಟರ್ ಅಗಲ, ೩ ಮೀಟರ್ ಉದ್ದ, ನೆಲಮಟ್ಟದಿಂದ ೩೦ ಸೆಂಟಿಮೀಟರ್, ಎಂದರೆ ಒಂದು ಅಡಿ ಎತ್ತರ ಇರಬೇಕು. ಈ ಎತ್ತರವನ್ನು ಕಡಮೆ ಮಾಡಬಾರದು. ಮಳೆಗಾಲದಲ್ಲಿ ಗಿಡದ ಜೀವವು ಇದರ ಮೇಲೆಯೇ ನಿಂತಿದೆ. ಸುತ್ತಲೂ ಅರ್ಧ ಮೀಟರ್ ಅಗಲದ ಬಸಿಗಾಲುವೆಯನ್ನು ತೋಡಿ, ಅದರ ಇಳಿಜಾರನ್ನು ಹಿತ್ತಿಲಿನ ಹೊರಗಿನ ಮೋರಿಗೆ ಸೇರಿಸತಕ್ಕದ್ದು. ಮಡಿಯ ಮೇಲ್ಮೈಯು ನಡುವೆ ಸ್ವಲ್ಪ ಉಬ್ಬಿ, ಆಮೆಯ ಬೆನ್ನಿನಂತಿರಲಿ. ಮಣ್ಣು ಜಾರದಂತೆ ಅಂಚಿಗೆ ಕಲ್ಲು ಅಥವಾ ಒಡೆದ ಹಂಚುಗಳನ್ನು ನಿಲ್ಲಿಸಬಹುದು. ಕೊಡ ನೀರನ್ನು ಮಡಿಯ ಮೇಲೆ ಸುರಿದು ನೋಡಬೇಕು. ಸ್ವಲ್ಪ ಹೊತ್ತಿನಲ್ಲಿ ಕಾಲುವೆಯಿಂದಲೂ ನೀರು ಹೊರಟುಹೋದರೆ ಮಡಿಯು ಸರಿಯಾಗಿದೆಯೆಂದು ತಿಳಿಯಬೇಕು.

ನಮ್ಮ ಸೀಮೆಗೆ ದೇವರು ಕೊಟ್ಟ ಒಂದು ಅನುಕೂಲವೆಂದರೆ ಬೇಸಗೆಯ ಉರಿಬಿಸಿಲು. ಮಡಿಯನ್ನು ಯುಗಾದಿಗೆ ಮುಂಚೆಯೇ ಕಟ್ಟಿ, ನೀರು ಕುಡಿಸಿ, ತಿಳಿಯಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಬೇಕು. ಕರಿಯ ಹಾಳೆಯು ಈ ಕೆಲಸಕ್ಕೆ ಅಷ್ಟು ಉಪಯುಕ್ತವಲ್ಲ. ೪೦ರಿಂದ ೪೫ ದಿನಗಳವರೆಗೆ ಹೀಗೆ ಬಿಟ್ಟರೆ ಒಳಗಿನ ತೇವದ ಮಣ್ಣು ಕಾದು, ರೋಗಬೀಜಗಳೂ ಜಂತುಹುಳಗಳೂ ಕಳೆಯ ಕಾಳುಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಯುಗಾದಿಗೆ ಹೊದಿಸಿದ ಹಾಳೆಯನ್ನು ಅಕ್ಷಯ ತದಿಗೆ ಕಳೆದು ಹತ್ತು ದಿನಗಳಿಗೆ ತೆಗೆದರೆ ಲೆಕ್ಕ ಸರಿಹೋಗುತ್ತದೆ. ಆ ಬಳಿಕ ಮಡಿಯನ್ನು ಆಳವಾಗಿ ಅಗೆದು, ಕೆಳಗಿನ ಕಾಯದ ಮಣ್ಣನ್ನು ಮೇಲಕ್ಕೆ ತರಬಾರದು.

ಬೀಜದ ಆಯ್ಕೆ

ಸಂತೆಯ ಅಡಿಗೆಯ ಶುಂಠಿಯನ್ನು ಬೀಜಕ್ಕೆ ಬಳಸಬಾರದು. ಅದು ಯಾವ ಹೊಲದಿಂದ ಬಂದಿತು, ಆ ಹೊಲದಲ್ಲಿ ರೋಗವಿತ್ತೋ ಇಲ್ಲವೋ ಎಂಬುದು ಮಾರುವವನಿಗೂ ತಿಳಿದಿರುವುದಿಲ್ಲ. ಬೆಳೆಯು ಹಸಿರಾಗಿ ನಿಂತಿರುವಾಗಲೇ ಆರೋಗ್ಯವಾದ ಮಡಿಯನ್ನು ಕಣ್ಣಾರೆ ನೋಡಿ ಗುರುತಿಟ್ಟು, ಅದರ ಬೀಜವನ್ನು ಬೇಡಿ ತರುವುದು ಎಲ್ಲಕ್ಕಿಂತ ಉತ್ತಮ.

ತಳಿಗಳಲ್ಲಿ, ಕೋಳಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೊರತಂದ ವರದಾ, ರಜತಾ, ಮಹಿಮಾ ಎಂಬವು ಪ್ರಸಿದ್ಧವಾಗಿವೆ. ಇವು ಸುಮಾರು ೨೦೦ ದಿನಗಳಲ್ಲಿ ಬಲಿತು, ಒಳ್ಳೆಯ ಬೇಸಾಯದಲ್ಲಿ ಹೆಕ್ಟೇರಿಗೆ ಸರಾಸರಿ ೨೨ ಟನ್ನುಗಳಷ್ಟು ಹಸಿ ಶುಂಠಿಯನ್ನು ಕೊಡುತ್ತವೆ. ನಮ್ಮ ರಾಜ್ಯದ ಬೀದರ ಕಡೆಯಲ್ಲಿ ಹುಮನಾಬಾದಿನ ಸ್ಥಳೀಯ ತಳಿಯೂ, ನಮಗೆ ನೆರೆಯದಾದ ಮಹಾರಾಷ್ಟ್ರದಲ್ಲಿ ಮಾಹೀಮ ತಳಿಯೂ ರೂಢಿಯಲ್ಲಿವೆ. ಹಿತ್ತಿಲಿನವರು ತಳಿಯ ಹೆಸರಿಗಿಂತ ಬೀಜದ ಆರೋಗ್ಯಕ್ಕೆ ಹೆಚ್ಚಿನ ಬೆಲೆಯನ್ನು ಕೊಡತಕ್ಕದ್ದು.

ಬೀಜದ ಗಡ್ಡೆಯು ದಪ್ಪವಾಗಿ, ಹೊಳಪುಳ್ಳದ್ದಾಗಿ, ಬಿಗಿಯಾಗಿರಬೇಕು. ಮುರಿದರೆ ಒಳಗೆ ಕಂದು ಕಲೆ ಕಾಣಕೂಡದು. ಎರಡರಿಂದ ಐದು ಸೆಂಟಿಮೀಟರ್ ಉದ್ದವಾದ, ೨೦ರಿಂದ ೨೫ ಗ್ರಾಂ ತೂಕದ, ಒಂದೆರಡು ಒಳ್ಳೆಯ ಕಣ್ಣುಗಳುಳ್ಳ ತುಂಡುಗಳನ್ನು ಮಾಡಬೇಕು. ೨೫ ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಮೇಲೆ ಹೇಳಿದ ಮಡಿಯಲ್ಲಿ ನಾಲ್ಕು ಸಾಲು, ಸಾಲಿಗೆ ಹನ್ನೆರಡರಂತೆ ೪೮ ತುಂಡುಗಳು ಹಿಡಿಯುತ್ತವೆ. ಇದಕ್ಕೆ ೧,೨೦೦ ಗ್ರಾಂ ಬೀಜ ಸಾಕು. ಆರಿಸಿ ತೆಗೆಯುವುದಕ್ಕಾಗಿ ಒಂದೂವರೆ ಕಿಲೋ ಇಟ್ಟುಕೊಳ್ಳಬೇಕು.

ನೆಡುವ ಮುನ್ನ ಒಂದು ಲೀಟರ್ ನೀರಿಗೆ ೩ ಗ್ರಾಂ ಮ್ಯಾಂಕೊಜೆಬ್ ಪುಡಿಯನ್ನು ಕಲಸಿ, ಅದರಲ್ಲಿ ತುಂಡುಗಳನ್ನು ೩೦ ನಿಮಿಷ ಅದ್ದಿಟ್ಟು, ನೀರು ಬಸಿದು, ನೆರಳಿನಲ್ಲಿ ಮೂರು ನಾಲ್ಕು ತಾಸು ಆರಿಸಬೇಕು. ಕೈಗವಸು ಹಾಕಿಕೊಳ್ಳಬೇಕು, ಅಡಿಗೆಯ ಪಾತ್ರೆಯನ್ನು ಇದಕ್ಕೆ ಎಂದಿಗೂ ಬಳಸಕೂಡದು, ಉಳಿದ ನೀರನ್ನು ಬಾವಿಯ ಹತ್ತಿರ ಚೆಲ್ಲಕೂಡದು. ಮದ್ದಿಟ್ಟ ತುಂಡು ಉಳಿದರೆ ಅಡಿಗೆಗೆ ಒಯ್ಯಬಾರದೆಂದು ಮನೆಯವರಿಗೆಲ್ಲ ತಿಳಿಸಿರಬೇಕು.

ಬೀಜವು ಕಡಮೆಯಿರುವವರಿಗೆ ಈಗ ಇನ್ನೊಂದು ಕ್ರಮವು ಬಳಕೆಗೆ ಬಂದಿದೆ. ಒಂದೇ ಕಣ್ಣುಳ್ಳ ಸುಮಾರು ೫ ಗ್ರಾಂ ತೂಕದ ತುಂಡುಗಳನ್ನು, ತೆಂಗಿನ ನಾರಿನ ಪುಡಿಯ ಗೊಬ್ಬರವೂ ಎರೆಹುಳದ ಗೊಬ್ಬರವೂ ಬೆರೆತ ಸಸಿತಟ್ಟೆಗಳಲ್ಲಿ ಊರಿ, ನೆರಳಿನಲ್ಲಿ ೩೦ರಿಂದ ೪೦ ದಿನ ಸಾಕಿ, ಬಳಿಕ ಮಡಿಗೆ ನಾಟಿ ಮಾಡುವುದು. ಇದರಿಂದ ಬೀಜವು ಉಳಿಯುವುದಲ್ಲದೆ, ಜೋಲು ಬಿದ್ದ ಸಸಿಯನ್ನು ತಟ್ಟೆಯಲ್ಲಿಯೇ ತೆಗೆದುಹಾಕಿ ಒಳ್ಳೆಯವನ್ನು ಮಾತ್ರ ಮಡಿಗೆ ಇಳಿಸುವ ಅನುಕೂಲವುಂಟು.

ನಾಟಿ

ಗಟ್ಟಿ ಮಳೆ ಬೀಳುವ ಮುನ್ನವೇ ಮೊಳಕೆಯು ಎದ್ದು ನಿಂತಿರಬೇಕು. ಆದುದರಿಂದ ಮೇ ತಿಂಗಳಿನ ನಡುವಿನಲ್ಲಿ, ತಪ್ಪಿದರೆ ರೋಹಿಣಿ ಮಳೆಯ ಆರಂಭದಲ್ಲಿ ನೆಡತಕ್ಕದ್ದು. ಮೊಳಕೆಗೆ ಎರಡರಿಂದ ನಾಲ್ಕು ವಾರಗಳು ಬೇಕಾಗುವುವು. ಆರಿದ್ರಾದಲ್ಲಿ ನೆಟ್ಟ ತುಂಡು ಮೊಳಕೆಯೊಡೆಯುವ ಮುನ್ನವೇ ತೊಯ್ದು ಕೊಳೆಯುವ ಭಯವಿದೆ.

ಮಡಿಗೆ ಎಂಟರಿಂದ ಒಂಬತ್ತು ಕಿಲೋ ಕಳಿತ ಗೊಬ್ಬರವನ್ನೂ, ೬೦೦ ಗ್ರಾಂ ಬೇವಿನ ಹಿಂಡಿಯನ್ನೂ ಮೇಲ್ಮಣ್ಣಿನಲ್ಲಿ ಬೆರೆಸಬೇಕು. ಟ್ರೈಕೋಡರ್ಮಾ ಎಂಬ ಉಪಕಾರಿ ಬೂಷ್ಟಿನ ಪುಡಿಯು ಸಿಕ್ಕಿದರೆ, ಅದನ್ನು ಈ ಗೊಬ್ಬರದಲ್ಲಿ ಕಲಸಿ ನೆರಳಿನಲ್ಲಿ ಹದಿನೈದು ದಿನ ತೇವವಾಗಿಟ್ಟು ಬಳಸಿದರೆ ಕೊಳೆರೋಗಕ್ಕೆ ತಡೆಯಾಗುತ್ತದೆ. ನಾಲ್ಕೈದು ಸೆಂಟಿಮೀಟರ್ ಆಳದ ಗುಣಿಯಲ್ಲಿ ಕಣ್ಣು ಮೇಲ್ಮುಖವಾಗುವಂತೆ ತುಂಡನ್ನಿಟ್ಟು, ಗೊಬ್ಬರ ಬೆರೆತ ಮಣ್ಣನ್ನು ಮುಚ್ಚಿ, ತೆಳುವಾಗಿ ನೀರು ಚಿಮುಕಿಸಬೇಕು.

ಹೊದಿಕೆ, ಗೊಬ್ಬರ, ಮಣ್ಣೇರಿಸುವುದು

ನೆಟ್ಟ ದಿನವೇ ಮಡಿಗೆ ಹಸಿರೆಲೆಯ ಹೊದಿಕೆಯನ್ನು ಹಾಸಬೇಕು. ಹೊಂಗೆ, ಗ್ಲಿರಿಸಿಡಿಯಾ ಮುಂತಾದ ಎಲೆಗಳು ಮೂರು ಮೂರೂವರೆ ಕಿಲೋ ಸಾಕು. ನಮ್ಮಲ್ಲಿ ಕಬ್ಬಿನ ರವದಿಗೆ ಕೊರತೆಯಿಲ್ಲ. ಹೊಲದಲ್ಲಿ ರವದಿಗೆ ಬೆಂಕಿ ಹಚ್ಚುವುದಕ್ಕಿಂತ ಒಂದು ಹೊರೆಯನ್ನು ಹಿತ್ತಿಲಿಗೆ ತಂದು ಕತ್ತರಿಸಿ ಹಾಸುವುದು ಎಷ್ಟೋ ಲೇಸು. ಹೊದಿಕೆಯು ಮಳೆಯ ಹನಿಯ ಪೆಟ್ಟನ್ನು ತಡೆಯುತ್ತದೆ, ರೋಗದ ಮಣ್ಣು ಎಲೆಗೆ ಸಿಡಿಯದಂತೆ ಕಾಯುತ್ತದೆ, ಮಳೆ ಬಿಟ್ಟಾಗ ತೇವವನ್ನು ಉಳಿಸುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ೪೦ನೆಯ ಮತ್ತು ೯೦ನೆಯ ದಿನಗಳ ಸುಮಾರಿಗೆ ಒಂದೂವರೆ ಕಿಲೋದಂತೆ ಮತ್ತೆ ಎರಡು ಸಲ ಹಾಸತಕ್ಕದ್ದು.

ಸುಮಾರು ೪೫ನೆಯ ದಿನಕ್ಕೆ ಕಳೆಯನ್ನು ಕೈಯಿಂದ ಕಿತ್ತು, ಬುಡಕ್ಕೆ ಮಣ್ಣೇರಿಸಬೇಕು. ಗಡ್ಡೆಯು ಹೊರಗೆ ಕಾಣದಂತೆ ಮುಚ್ಚಿದರೆ ಮೈದುಂಬುವುದು. ಕುರ್ಪಿಯನ್ನು ಗಡ್ಡೆಯ ಹತ್ತಿರ ಒಯ್ಯಬಾರದು. ಕುರ್ಪಿಯ ಗಾಯವೇ ರೋಗಕ್ಕೆ ಬಾಗಿಲು. ಗಿಡಗಳು ಬಡವಾಗಿ ಕಂಡರೆ ೪೫ನೆಯ ದಿನ ಒಮ್ಮೆ, ೯೦ನೆಯ ದಿನ ಒಮ್ಮೆ, ಇಡೀ ಮಡಿಗೆ ೨೫ ಗ್ರಾಂನಂತೆ ಯೂರಿಯಾ ಕೊಡಬಹುದು. ಇದಕ್ಕೆ ಮೀರಿ ಕೊಡಬಾರದು. ಪ್ರತಿ ದೊಡ್ಡ ಮಳೆಯ ಮರುದಿನ ಬಸಿಗಾಲುವೆಯಲ್ಲಿ ಬಿದ್ದ ಕಸವನ್ನೂ ಮಣ್ಣನ್ನೂ ಎತ್ತಿ ಹಾಕುವ ಕೆಲಸವು ಯಾವ ಗೊಬ್ಬರಕ್ಕಿಂತಲೂ ಹೆಚ್ಚಿನದು. ಸ್ವಾತಿ ಮಳೆಯು ನಿಂತ ಮೇಲೆ ವಾರಕ್ಕೊಮ್ಮೆ ಹದವಾಗಿ ನೀರು ಕೊಡಬೇಕು.

ರೋಗವನ್ನು ಗುರುತಿಸುವ ಬಗೆ

ಎಲೆಯು ಹಳದಿಯಾದೊಡನೆ ಗೊಬ್ಬರದ ಚೀಲದತ್ತ ಓಡಬಾರದು. ನಾನು ಮಾಡಿದ ತಪ್ಪು ಇದೇ. ಮೊದಲು ಬುಡವನ್ನು ನೋಡಬೇಕು.

ಗಡ್ಡೆ ಕೊಳೆ ರೋಗ: ಕಾಂಡದ ಬುಡವು ನೀರು ಹೀರಿದಂತೆ ಮೆತ್ತಗಾಗುತ್ತದೆ. ಕೆಳಗಿನ ಎಲೆಗಳ ತುದಿಯಿಂದ ಹಳದಿಯು ಹಿಡಿದು ಮೇಲಕ್ಕೆ ಹಬ್ಬುತ್ತದೆ. ಎಳೆದರೆ ಕಾಂಡವು ಸುಲಭವಾಗಿ ಕಿತ್ತು ಬರುತ್ತದೆ. ಗಡ್ಡೆಯು ಕೊಳೆತು ನಾರುತ್ತದೆ.

ಜೀವಾಣು ಬಾಡು ರೋಗ: ಎಲೆಗಳು ಇನ್ನೂ ಹಸಿರಾಗಿರುವಾಗಲೇ ಅಂಚು ಸುರುಳಿಗೊಂಡು ಜೋಲುತ್ತವೆ, ಕೆಲವೇ ದಿನಗಳಲ್ಲಿ ಗಿಡವು ಪೂರಾ ಬಾಡುತ್ತದೆ. ಇದರ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಬಾಡಿದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ಕೊಯ್ದ ತುದಿಯು ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆಗಳು ಕೆಳಗಿಳಿದು ಬಂದರೆ ಅದು ಜೀವಾಣು ರೋಗವೇ ಸರಿ.

ಕೊಳೆರೋಗವು ಮೊದಲೇ ಕಣ್ಣಿಗೆ ಬಿದ್ದರೆ, ಹಿಡಿದ ಗಿಡವನ್ನು ಬೇರು, ಗಡ್ಡೆ, ಸುತ್ತಲಿನ ಮಣ್ಣು ಸಹಿತ ಕಿತ್ತು ಸುಡಬೇಕು ಇಲ್ಲವೆ ದೂರ ಹೂಳಬೇಕು, ತಿಪ್ಪೆಗೆ ಹಾಕಕೂಡದು. ಗುಣಿಗೂ ನೆರೆಯ ಗಿಡಗಳ ಬುಡಕ್ಕೂ ಲೀಟರಿಗೆ ೩ ಗ್ರಾಂ ಮ್ಯಾಂಕೊಜೆಬ್ ಕಲಸಿದ ನೀರನ್ನು ನೆನೆಯುವಂತೆ ಹಾಕಬೇಕು. ಜೀವಾಣು ರೋಗವಾದರೆ ಈ ಮದ್ದಿನಿಂದ ಪ್ರಯೋಜನವಿಲ್ಲ. ಕೂಡಲೇ ಕಿತ್ತುಹಾಕಿ, ಆ ಮಡಿಯ ನೀರು ಇನ್ನೊಂದು ಮಡಿಗೆ ಹರಿಯದಂತೆ ಒಡ್ಡು ಹಾಕುವುದೊಂದೇ ದಾರಿ. ರೋಗದ ಮಡಿಯಲ್ಲಿ ಆಡಿದ ಗುದ್ದಲಿ, ಕುರ್ಪಿ, ಕಾಲುಗಳನ್ನು ತೊಳೆಯದೆ ಒಳ್ಳೆಯ ಮಡಿಯನ್ನು ಮುಟ್ಟಬಾರದು.

ಕೀಟಗಳಲ್ಲಿ ಕಾಂಡಕೊರಕ ಹುಳವು ಜುಲೈಯಿಂದ ಅಕ್ಟೋಬರಿನವರೆಗೆ ಪೀಡಿಸುತ್ತದೆ. ಕಾಂಡದಲ್ಲಿ ಸಣ್ಣ ತೂತು, ತೂತಿನ ಬಾಯಲ್ಲಿ ಹುಳದ ಹಿಕ್ಕೆ, ನಡುವಿನ ಸುಳಿ ಮಾತ್ರ ಹಳದಿಯಾಗಿ ಒಣಗುವುದು, ಇವೇ ಗುರುತುಗಳು. ಹಿತ್ತಿಲಿನ ಮಡಿಯಲ್ಲಿ ಮದ್ದು ಹೊಡೆಯುವ ಅಗತ್ಯವಿಲ್ಲ. ಅಂಥ ಕಾಂಡವನ್ನು ಬುಡದಲ್ಲಿ ಕೊಯ್ದು, ಸೀಳಿ, ಹುಳವನ್ನು ಕೊಂದರೆ ಸಾಕು.

ಜಾಗವಿಲ್ಲದವರಿಗೆ ಮತ್ತು ಮಹಾಪೂರದ ಊರುಗಳವರಿಗೆ

ಕೊಡಗು, ಮೈಸೂರು ಕಡೆಗಳಲ್ಲಿ ವಯನಾಡಿನ ಬೆಳೆಗಾರರು ಶುಂಠಿಗಾಗಿ ಹೊಲಗಳನ್ನು ಗುತ್ತಿಗೆಗೆ ಹಿಡಿದು, ಬೆಳೆ ತೆಗೆದ ಬಳಿಕ ಬೇರೆ ಹೊಸ ನೆಲಕ್ಕೆ ಹೋಗುವುದುಂಟು. ಮಣ್ಣಿನಲ್ಲಿ ಉಳಿಯುವ ರೋಗದ ಭಯವು ಇದಕ್ಕೆ ಒಂದು ಮುಖ್ಯ ಕಾರಣ. ಗುತ್ತಿಗೆದಾರನು ಹೊಲವನ್ನು ಬಿಟ್ಟು ಹೋಗಬಲ್ಲನು. ಗೃಹಿಣಿಯು ಹಿತ್ತಿಲನ್ನು ಬಿಟ್ಟು ಹೋಗಲಾರಳು. ಒಮ್ಮೆ ರೋಗವು ಹೊಕ್ಕಿತೆಂದರೆ ಆ ಮೂಲೆಯು ವರ್ಷಗಳವರೆಗೆ ಶುಂಠಿಗೆ ಎರವಾಗುತ್ತದೆ. ಹೊಲದವನಿಗಿಂತ ಹಿತ್ತಿಲಿನವರು ಹೆಚ್ಚು ಜಾಗರೂಕರಾಗಿರಬೇಕಾದುದು ಇದಕ್ಕಾಗಿಯೇ.

ಜಾಗದ ಅಭಾವವಿರುವವರು ಹಳೆಯ ಗೊಬ್ಬರದ ಚೀಲಗಳನ್ನು ಚೆನ್ನಾಗಿ ತೊಳೆದು, ತಳದಲ್ಲಿಯೂ ಪಕ್ಕದಲ್ಲಿಯೂ ಹತ್ತಾರು ತೂತು ಮಾಡಿ, ತಳಕ್ಕೆ ಒಡೆದ ಹಂಚಿನ ಚೂರುಗಳನ್ನು ಹಾಕಿ, ಮೇಲೆ ಹೇಳಿದ ಮಣ್ಣಿನ ಮಿಶ್ರಣವನ್ನು ಒಂದಡಿಯಷ್ಟು ತುಂಬಿ, ಚೀಲಕ್ಕೆ ಎರಡು ತುಂಡುಗಳಂತೆ ನೆಡಬಹುದು. ಚೀಲಗಳನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಬೇಕು. ಒಂದು ಚೀಲಕ್ಕೆ ರೋಗ ಬಂದರೆ ಅದೊಂದನ್ನೇ ಎತ್ತಿ ದೂರ ಒಯ್ಯಬಹುದು. ಮಣ್ಣನ್ನು ವರ್ಷವರ್ಷವೂ ಬದಲಿಸಬಹುದು.

ನದಿಯ ಸಮೀಪದ ಊರುಗಳವರು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಬೆಳಗಾವಿ ಜಿಲ್ಲೆಯ ಅನೇಕ ಊರುಗಳಿಗೆ ನೀರು ನುಗ್ಗಿತು. ನಕ್ಷತ್ರದ ಲೆಕ್ಕದಲ್ಲಿ ಇದು ಪುಷ್ಯ, ಆಶ್ಲೇಷಗಳ ಕಾಲ. ಶುಂಠಿಯು ಮರಿಯೊಡೆದು ಗಡ್ಡೆ ಕಟ್ಟುವ ಕಾಲವೂ ಅದೇ. ಪೂರದ ನೀರು ಮೈಮೇಲೆ ನಿಂತರೆ ಒಂದಡಿಯ ಮಡಿಯೂ ಕಾಯಲಾರದು. ಅಂಥ ಹಿತ್ತಿಲಿನವರು ಚೀಲಗಳಲ್ಲಿಯೇ ಬೆಳೆದು, ನೀರೇರುವ ಸೂಚನೆಯಾದೊಡನೆ ಅವುಗಳನ್ನು ಕಟ್ಟೆಯ ಮೇಲಕ್ಕೋ ಮಾಳಿಗೆಗೋ ಏರಿಸುವ ಏರ್ಪಾಡು ಮಾಡಿಕೊಳ್ಳುವುದು ಜಾಣತನ.

ಕೀಳುವುದು ಮತ್ತು ಬೀಜವನ್ನು ಕಾಪಾಡುವುದು

ಅಡಿಗೆಯ ಹಸಿ ಶುಂಠಿಯನ್ನು ಆರನೆಯ ತಿಂಗಳಿನಿಂದ, ಎಂದರೆ ದೀಪಾವಳಿಯು ಕಳೆದ ಬಳಿಕ ಬೇಕಾದಷ್ಟು ಕೀಳಬಹುದು. ಬೀಜಕ್ಕೂ ಒಣ ಶುಂಠಿಗೂ ಎಂಟು ತಿಂಗಳು ಬಲಿಯಬೇಕು. ಸಂಕ್ರಾಂತಿಯ ಸುಮಾರಿಗೆ ಎಲೆಗಳು ಹಳದಿಯಾಗಿ ಒಣಗಿ ಬೀಳುವುವು; ಆಗ ಗಡ್ಡೆಗೆ ಗಾಯವಾಗದಂತೆ ಅಗೆಯಬೇಕು. ಒಣ ಶುಂಠಿಯನ್ನು ಮಾಡುವವರು ಗಡ್ಡೆಯನ್ನು ತೊಳೆದು, ಬಿದಿರಿನ ಚೂಪಾದ ಸೀಳಿನಿಂದ ಮೇಲಿನ ಸಿಪ್ಪೆಯನ್ನು ತೆಳುವಾಗಿ ಹೆರೆದು, ವಾರದಿಂದ ಹತ್ತು ದಿನ ಬಿಸಿಲಿಗೆ ಒಣಗಿಸಬೇಕು. ಐದು ಕಿಲೋ ಹಸಿಯ ಗಡ್ಡೆಗೆ ಸುಮಾರು ಒಂದು ಕಿಲೋ ಒಣ ಶುಂಠಿ ಬರುತ್ತದೆ.

ಮೊದಲ ಬೆಳೆಯಲ್ಲಿಯೇ ಬೀಜವನ್ನು ತೆಗೆದಿಡಬೇಕು. ಅಡಿಗೆಗೆ ತೆಗೆದು ಮಿಕ್ಕುದನ್ನು ಬೀಜಕ್ಕಿಡುವ ರೂಢಿ ಸಲ್ಲದು. ರೋಗದ ಸುಳಿವೇ ಇಲ್ಲದ ಗಿಡಗಳ ಗಡ್ಡೆಗಳನ್ನು ಆರಿಸಿ, ಮ್ಯಾಂಕೊಜೆಬ್ ನೀರಿನಲ್ಲಿ ಮೊದಲಿನಂತೆಯೇ ಅದ್ದಿ, ನೆರಳಿನಲ್ಲಿ ಆರಿಸಬೇಕು. ಮನೆಯ ತಂಪಾದ ನೆರಳಿನಲ್ಲಿ ಸಣ್ಣ ಗುಂಡಿಯನ್ನು ತೋಡಿ, ಗೋಡೆಗೆ ಸಗಣಿ ಬಳಿದು ಒಣಗಿಸಿ, ಒಂದು ಪದರು ಗಡ್ಡೆ, ಎರಡು ಸೆಂಟಿಮೀಟರ್ ಒಣ ಮರಳು, ಹೀಗೆ ಜೋಡಿಸಿ, ಮೇಲೆ ನಾಲ್ಕು ಬೆರಳಷ್ಟು ಜಾಗವನ್ನು ಗಾಳಿಗೆ ಬಿಟ್ಟು, ಸಂದುಳ್ಳ ಹಲಗೆಯಿಂದ ಮುಚ್ಚಬೇಕು. ಮೂರು ವಾರಕ್ಕೊಮ್ಮೆ ತೆರೆದು ನೋಡಿ, ಕೊಳೆತ ಅಥವಾ ಸುಕ್ಕಿದ ಗಡ್ಡೆಗಳನ್ನು ತೆಗೆದುಹಾಕಬೇಕು.

ಮುಂದಿನ ವರ್ಷ ಅದೇ ಮಡಿಯಲ್ಲಿ ಶುಂಠಿಯನ್ನು ಹಾಕಬಾರದು. ಸಾಂಗಲಿಯು ಹತ್ತಿರವಿದ್ದು ಅರಿಷಿಣದ ಪೇಟೆ ಪ್ರಸಿದ್ಧವಾಗಿರುವುದರಿಂದ ಅನೇಕರು ಶುಂಠಿಯ ತರುವಾಯ ಅರಿಷಿಣವನ್ನು ಹಾಕಲು ಮನಸ್ಸು ಮಾಡುತ್ತಾರೆ. ಆದರೆ ಅರಿಷಿಣಕ್ಕೂ ಪಿಥಿಯಂ ಕುಲದ ಕೊಳೆರೋಗವು ತಗಲುತ್ತದೆ. ಆದಕಾರಣ ಇದು ಸರಿಯಾದ ಸರದಿಯಲ್ಲ. ಗೋವಿನ ಜೋಳ, ಮೆಂತೆ, ಹರಿವೆ ಮುಂತಾದವನ್ನು ಹಾಕಿ, ಮೂರು ವರ್ಷ ಬಿಟ್ಟು ಶುಂಠಿಗೆ ಮರಳುವುದು ಕ್ಷೇಮಕರ. ಉಪ್ಪಿನಕಾಯಿಗೆ ಮಾವಿನ ಕಂಪಿನ ಗಡ್ಡೆ ಬೇಕೆನ್ನುವವರು ಮಾವಿನಶುಂಠಿಯನ್ನು ಇದೇ ಕ್ರಮದಲ್ಲಿ ಬೆಳೆಯಬಹುದು. ಅದು ಜೀವಾಣು ಬಾಡು ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುವುದೆಂದು ಸಂಶೋಧಕರು ಕಂಡಿದ್ದಾರೆ.

ಮುಕ್ತಾಯ

ಮೇಲೆ ಹೇಳಿದ ವೃದ್ಧೆಯ ಮೂರನೆಯ ವರ್ಷದ ಮಾತು ಉಳಿಯಿತು. ಆ ವರ್ಷ ನಾನು ಹಳೆಯ ಮೂಲೆಯನ್ನು ಬಿಡಿಸಿ, ಹಿತ್ತಿಲಿನ ಪೂರ್ವದ ಬದಿಗೆ ಒಂದಡಿ ಎತ್ತರದ ಮಡಿಯನ್ನು ಕಟ್ಟಿಸಿ, ಯುಗಾದಿಗೆ ಹಾಳೆಯನ್ನು ಹೊದಿಸಿ, ಬೀಜವನ್ನು ನಾನೇ ನೋಡಿ ತಂದ ಮಡಿಯಿಂದ ಕೊಡಿಸಿದೆನು. ಕಾಲುವೆಯ ಕಸವನ್ನು ಎತ್ತುವ ಕೆಲಸವನ್ನು ಆಕೆಯು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಆಶ್ಲೇಷದಲ್ಲಿ ಐದು ಗಿಡಗಳು ಹಳದಿಯಾದವು. ಆಕೆಯೇ ಬುಡವನ್ನು ಮುಟ್ಟಿ ನೋಡಿ, ಮಣ್ಣು ಸಹಿತ ಅಗೆದು ದೂರ ಒಯ್ದು ಸುಟ್ಟ ಬಳಿಕ ನನಗೆ ಹೇಳಿ ಕಳಿಸಿದಳು. ರೋಗವು ಅಲ್ಲಿಗೇ ನಿಂತಿತು. ಸಂಕ್ರಾಂತಿಗೆ ಉಳಿದ ೪೩ ಗಿಡಗಳಿಂದ ನಾಲ್ಕೂವರೆ ಕಿಲೋ ಶುಂಠಿಯು ಬಂದಿತು. ಆಕೆಯು ಮೊದಲು ಒಂದೂವರೆ ಕಿಲೋ ಬೀಜವನ್ನು ಬೇರೆ ಇಟ್ಟು, ಅನಂತರವೇ ಉಳಿದುದನ್ನು ಮನೆಗೂ ಸಂತೆಗೂ ಪಾಲು ಮಾಡಿದಳು. ಬೀಜವನ್ನು ಮೊದಲು ಎತ್ತಿಡಬೇಕೆಂದು ನಾನು ಆಕೆಗೆ ಹೇಳಿಯೇ ಇರಲಿಲ್ಲ.

ನಾಲ್ಕೂವರೆ ಕಿಲೋ ದೊಡ್ಡ ಫಸಲೇನೂ ಅಲ್ಲ. ಆದರೆ ಮರುವರ್ಷ ಆಕೆಯು ಬೀಜಕ್ಕಾಗಿ ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ. ಎತ್ತರದ ಮಡಿ, ತಿಳಿದ ಬೀಜ, ತೆರವಾದ ಕಾಲುವೆ, ರೋಗದ ಗಿಡವನ್ನು ಕೀಳಲು ಹಿಂಜರಿಯದ ಕೈ, ಇವು ನಾಲ್ಕಿದ್ದರೆ ಮಳೆಯು ಶುಂಠಿಗೆ ಶತ್ರುವಲ್ಲ. ನಮ್ಮ ರಯತ ಬಂಧುಗಳೂ ಗೃಹಿಣಿಯರೂ ಈ ವರ್ಷ ಒಂದೊಂದು ಮಡಿಯನ್ನಾದರೂ ಹಾಕಿ ನೋಡುವರೆಂದೂ, ಎಲೆಗೆ ಹಳದಿ ಬಂದೊಡನೆ ಗೊಬ್ಬರವನ್ನು ಹುಡುಕದೆ ಮೊದಲು ಬುಡವನ್ನು ಮುಟ್ಟಿ ನೋಡುವರೆಂದೂ ನಂಬಿರುತ್ತೇವೆ.